ನೆರಳಲ್ಲೇ ಬೆಳೆದ ಸಸಿಗಳು

ಪುರಸಭೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತಿದ್ದ ಅವಳನ್ನು ಬೀದಿಯವರೆಲ್ಲ ಗೊಬ್ಬರದಕ್ಕ ಎನ್ನುತ್ತಿದ್ದರು. ಎಷ್ಟು ಸೋಪು ತಿಕ್ಕಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ, ಅದರ ಬೇಸರವೂ ಅವಳಿಗಿರಲಿಲ್ಲ.

ಆ ಬೀದಿಯ ಮೂಲೆಯಲ್ಲೊಂದು ಮುದಿ ಮರ. ಅಂಥದ್ದು ಸುತ್ತಮುತ್ತ ಇನ್ನೊಂದಿರಲಿಲ್ಲ, ಹೆಸರು ಬಲ್ಲವರೂ ಇರಲಿಲ್ಲ. ಮೂಲೆಮರ ಅಂದರೆ ಸಾಕು, ಅಂಚೆಯವನಿಗೂ ಗೊತ್ತಾಗುತ್ತಿತ್ತು. ಹೊಗೆ ಬಿಡದ ಬ್ಯಾಟರಿ ಬಸ್ಸು ಬರುತ್ತದೆ, ಗಾಳಿ ಚೊಕ್ಕಟವಾಗುತ್ತದೆ, ಅದಕ್ಕೆ ರಸ್ತೆ ಅಗಲವಾಗಬೇಕು ಎಂದು ಪುರಸಭೆಯವರು ಅದನ್ನೇ ಕಡಿದು ಹಾಕಿದರು. ಗೊಬ್ಬರದಕ್ಕ ಬುತ್ತಿ ಡಬ್ಬಿ ಬರಿದು ಮಾಡಿ, ಉರುಳಿದ ಕೊಂಬೆಗಳಲ್ಲಿದ್ದ ಕಾಯಿಗಳನ್ನೆಲ್ಲ ತುಂಬಿಕೊಂಡು ಬಂದಳು. ಇನ್ನು ಬೇಕೆಂದರೂ ಆ ಬೀಜ ಸಿಗುವಂತಿರಲಿಲ್ಲ.

ಅರ್ಧಕ್ಕರ್ಧ ಮೊಳೆಯಲೇ ಇಲ್ಲ. ಮೊಳೆತವನ್ನು ಹಸಿರು ಬಲೆಯ ನೆರಳಿನಲ್ಲಿಟ್ಟು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು.

ಗೇಣುದ್ದವಾದ ಸಸಿಯನ್ನು ನೆರಳಿನಿಂದ ಆಚೆ ತಂದು, ನೀರು ಕಡಿಮೆ ಮಾಡಿ, ಅಷ್ಟಷ್ಟೇ ಬಿಸಿಲು ಕಾಣಿಸಬೇಕು. ನಾಲ್ಕು ಎಲೆ ಉದುರಿ ಬಡವಾಗುತ್ತದೆ, ಆದರೆ ಗಟ್ಟಿಯಾಗುತ್ತದೆ. ಬೇರೆಯವಕ್ಕೆಲ್ಲ ಅವಳು ಹಾಗೇ ಮಾಡಿದವಳು. ಇವಕ್ಕೆ ಮಾತ್ರ ಕೈ ಬರಲಿಲ್ಲ.

“ಆಚೆ ಇಡಕ್ಕಾ ಅವನ್ನ. ಅಳಿಯಂದಿರ ಥರ ಕೂರಿಸಿಕೊಂಡಿದೀಯಲ್ಲ” ಎಂದ ನರ್ಸರಿಯ ಮೇಸ್ತ್ರಿ.

“ನಾಳೆ ಇಡ್ತೀನಪ್ಪ. ಇವತ್ತು ಬಿಸಿಲು ಜಾಸ್ತಿ.”

“ನಾಳೆ ಏನು ಸೂರ್ಯ ರಜಾ ಹಾಕ್ತಾನಾ?”

ಮನೆಯಲ್ಲಿ ಮಗಳದ್ದೂ ಅದೇ ರಾಗ. “ನಮ್ಮನ್ನ ಬರಿಗಾಲಲ್ಲಿ ಶಾಲೆಗೆ ಓಡಿಸ್ತಿದ್ದೆ. ಗಿಡಕ್ಕೆ ಛತ್ರಿ ಹಿಡೀತೀಯ.”

“ಕಾಲು ಸುಟ್ಟರೆ ನೀವು ಕೂಗ್ತಿದ್ರಿ. ಅವಕ್ಕೆ ಬಾಯಿಲ್ಲ ಕಣೆ.”

ನಾಳೆ ನಾಳೆ ಅನ್ನುತ್ತಿರುವಾಗಲೇ ಕಚೇರಿಯ ಸಾಹೇಬರು ಬಂದರು. ಭೂಮಿ ಉಳಿಸುವ ಸಭೆಗೆ ನಾನಾ ದೇಶದವರು ಬರುತ್ತಾರಂತೆ, ಹೊಸ ರಸ್ತೆಯ ಪಕ್ಕ ಅವರ ಕೈಯಿಂದ ಗಿಡ ನೆಡಿಸಬೇಕಂತೆ. ಬಿಸಿಲಿಗೆ ಪಳಗಿದ ಸಸಿಗಳು ನೋಡಲು ಬಡಕಲು. ಸಾಹೇಬರ ಕಣ್ಣು ಬಲೆಯೊಳಗೆ ಹೋಯಿತು.

“ಇವು ಎಷ್ಟು ಚೆನ್ನಾಗಿವೆ. ಇವನ್ನೇ ಲಾರಿಗೆ ಹಾಕಿ.”

“ಇವಿನ್ನೂ ಬಿಸಿಲು ಕಂಡಿಲ್ಲ ಸಾಹೇಬ್ರೇ.”

“ಇಷ್ಟು ದಿನ ಏನಮ್ಮ ಮಾಡ್ತಿದ್ದಿರಿ?”

ಎರಡನ್ನಾದರೂ ಬಿಟ್ಟು ಹೋಗಿ ಎಂದು ಬೇಡಿಕೊಂಡಳು. ತೋಡಿದ ಗುಂಡಿ ಒಂದೂ ಖಾಲಿ ಇರಬಾರದು ಎಂದರು ಸಾಹೇಬರು.

ಬಂದವರು ನೆಟ್ಟರು, ಚಪ್ಪಾಳೆಯಾಯಿತು, ಕೈ ತೊಳೆದುಕೊಂಡು ಹೋದರು. ಮೇಲೆ ಸುಡುಬಿಸಿಲು, ಕೆಳಗೆ ಹೊಸ ಡಾಂಬರಿನ ಕಾವು. ಗೊಬ್ಬರದಕ್ಕ ಗೋಣಿತಾಟು ಕಟ್ಟಿ ಮರೆ ಮಾಡಿದಳು, ಕೊಡಗಟ್ಟಲೆ ನೀರು ಹೊತ್ತಳು. ವಾರ ಕಳೆಯುವುದರೊಳಗೆ ಎಲೆಗಳು ಹಪ್ಪಳದಂತೆ ಮುರಿಯತೊಡಗಿದವು. ಒಳಗೆ ಜೀವವಿದ್ದರೆ ತೊಗಟೆಯಡಿ ಹಸಿರು ಕಾಣುತ್ತದೆ. ಉಗುರಿನಿಂದ ಒಂದೊಂದನ್ನೂ ಕೆರೆದು ನೋಡುತ್ತ ರಸ್ತೆಯ ಕೊನೆಯವರೆಗೂ ಹೋದಳು. ಎಲ್ಲವೂ ಕಂದು.

“ಆ ಸಾಹೇಬನ ಕೈ ಸೇದಿಹೋಗ” ಎಂದು ಮೇಸ್ತ್ರಿ ಶಪಿಸಿದ.

“ಅವರನ್ನ್ಯಾಕೆ ಬೈತೀಯ? ಅವರು ಕಡಿದದ್ದು ಮರ. ಬೀಜ ನಿರ್ನಾಮ ಮಾಡಿದೋಳು ನಾನು.”



ಊರೆಲ್ಲ ಸಿಗುವ ಮಾಮೂಲಿ ಹೂಗಿಡಗಳು ಲಾರಿಯಲ್ಲಿ ಬಂದವು. ಒಣಗಿದ್ದನ್ನು ಕಿತ್ತು ಅದೇ ಗುಂಡಿಗಳಿಗೆ ಇವನ್ನಿಡುವ ಕೆಲಸವೂ ಅವಳ ಪಾಲಿಗೇ ಬಿತ್ತು. ಕಿತ್ತಳು, ನೆಟ್ಟಳು. ಆಮೇಲೆ ನರ್ಸರಿಯಲ್ಲಿ ಏನು ಮೊಳೆತರೂ ಅವಳು ಬಗ್ಗಿ ನೋಡಿದ್ದನ್ನು ಯಾರೂ ಕಾಣಲಿಲ್ಲ. ಪೈಪು ಹಿಡಿದು ನೀರು ಬಿಟ್ಟು, ನಲ್ಲಿ ತಿರುಗಿಸಿ, ಮನೆಗೆ ಹೋಗುತ್ತಿದ್ದಳು.