ಎಡಕ್ಕೇ ಬೀಳುತ್ತಿದ್ದ ಹೂವು

ಮೊನ್ನೆ ಮಂಗಳವಾರ ಎದುರುಮನೆಯ ಹುಡುಗಿ ಬಾಳೆಯೆಲೆಯ ತುಂಡಿನಲ್ಲಿ ಒಂದು ಕಣಗಿಲೆ ಹೂವು ಸುತ್ತಿಕೊಂಡು ಬಂದಳು. ಅವಳಿಗೆ ಕಡೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಆಗುವುದೋ ಬಿಡುವುದೋ ಎಂದು ದೇವಿಯನ್ನು ಹೂ ಕೇಳಲು ಹೋಗಿದ್ದರು. "ಬಲಗಡೆ ಕೊಟ್ಟಳು ಆಂಟಿ!" ಎಂದು ಮುಖವರಳಿಸಿ ಅದನ್ನು ನನ್ನ ಅಂಗೈಗೆ ಹಾಕಿದಳು. ಹೂವು ಇನ್ನೂ ಒದ್ದೆಯಾಗಿತ್ತು. ಒದ್ದೆ ಕಣಗಿಲೆ, ಅದರ ಜೊತೆಗೆ ಅವಳ ಹಣೆಯ ಮೇಲಿನ ಹಸಿ ಗಂಧ... ಬೇರೆಯವರಿಗೆ ಅದು ಗುಡಿಯ ವಾಸನೆ. ನನಗೆ ಅದು ಬೀರೂರಿನ ನಮ್ಮ ಹಿತ್ತಲಿನ ವಾಸನೆ, ಆ ಪೂಜಾರಪ್ಪನ ವಾಸನೆ. ಕಣ್ಣಿಗೆ ಒತ್ತಿಕೊಳ್ಳುವ ಮೊದಲು ನಾನು ಆ ಹೂವನ್ನು ಮಗುಚಿ ಹಿಂಭಾಗ ನೋಡಿದೆ. "ಏನ್ ನೋಡ್ತಿದ್ದೀರಾ ಆಂಟಿ?" ಎಂದಳು. ಏನೂ ಇಲ್ಲ ಎಂದೆ.

ಬೀರೂರಿನಲ್ಲಿ ನಮ್ಮದು ಪುಟ್ಟ ಮನೆ. ಒಂದು ನಡುಮನೆ, ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗಿರಬೇಕಾದ ಅಡುಗೆಮನೆ. ಹಿತ್ತಲು ಮಾತ್ರ ಧಾರಾಳ. ಅಲ್ಲೊಂದು ಸೇದುವ ಬಾವಿ, ಬಾವಿಯ ಪಕ್ಕದಲ್ಲಿ ಎರಡು ಕಣಗಿಲೆ ಗಿಡ. ಹಿತ್ತಲ ಗೋಡೆಗೆ ಆತುಕೊಂಡೇ ಚೌಡಮ್ಮನ ಗುಡಿ. ಗುಡಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಕಿರುಬಾಗಿಲಿತ್ತು. ನಾವು ಆ ಮನೆ ಕೊಳ್ಳುವ ಮೊದಲಿನಿಂದಲೂ ಪೂಜಾರಪ್ಪ ಆ ಬಾಗಿಲಿನಿಂದ ಬಂದು ಬಾವಿಯ ನೀರು, ಗಿಡದ ಹೂವು ಒಯ್ಯುತ್ತಿದ್ದರಂತೆ. ನಾವೂ ಬೇಡವೆನ್ನಲಿಲ್ಲ. ಆಮೇಲೆ ನಾನೇ ಬೆಳಿಗ್ಗೆ ಹೂ ಬಿಡಿಸಿ ಬುಟ್ಟಿಯಲ್ಲಿಟ್ಟು ಕೊಡುವುದು ರೂಢಿಯಾಯಿತು. ಪೂಜಾರಪ್ಪ ತೆಳ್ಳಗಿನ ಆಳು, ಮಾತು ಕಡಿಮೆ, ಮೈಯೆಲ್ಲ ಗಂಧದ ಘಮ. ಬಾವಿಕಟ್ಟೆಯ ಮೇಲೆ ಕೂತು ನಾನು ಕೊಟ್ಟ ಕಾಫಿ ಕುಡಿದು, ಲೋಟವನ್ನು ತಾವೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ನಮ್ಮ ಮನೆಯ ಸುಖದುಃಖ ಅವರಿಗೆ ತಿಳಿದಷ್ಟು ನಮ್ಮ ನೆಂಟರಿಗೂ ತಿಳಿದಿರಲಿಲ್ಲ.

ಮನೆ ಮಾರುವ ಮಾತು ಬಂದದ್ದು ನಮ್ಮ ಮನೆಯವರ ಕೆಲಸದಿಂದ. ಅವರು ಒಂದು ಗೊಬ್ಬರದ ಗೋದಾಮಿನಲ್ಲಿದ್ದರು. ಗೋದಾಮು ತರೀಕೆರೆಗೆ ಹೋಯಿತು, ಇವರು ದಿನಾ ಶಿವಮೊಗ್ಗದ ರೈಲು ಹತ್ತುವಂತಾಯಿತು. ಅದು ಒಂದು ಕಾರಣ ಅಷ್ಟೆ. ನಿಜವಾದ ಕಾರಣ ನಮ್ಮಕ್ಕ. ಅಕ್ಕ ತರೀಕೆರೆಯಲ್ಲಿ ಒಬ್ಬಳೇ ಇದ್ದಳು. ಭಾವ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಎದೆಯ ಕಾಯಿಲೆ ಬೇರೆ ಅಂಟಿಕೊಂಡಿತ್ತು. ಅವಳ ಮನೆಯ ಗೋಡೆಗೆ ಗೋಡೆ ಸೇರಿದ ಮನೆ ಮಾರಾಟಕ್ಕಿತ್ತು. "ನೀವ್ ಬರೋದಾದ್ರೆ ಕಾಯ್ತೀವಿ" ಎಂದು ಅದರ ಯಜಮಾನರು ಒಪ್ಪಿದ್ದರು. ಬೀರೂರಿನ ಮನೆ ಹೋದರೆ ತರೀಕೆರೆಯ ಮನೆ. ಲೆಕ್ಕ ಅಷ್ಟು ಸರಳ.

ಅಕ್ಕನಿಗೆ ಆತುರ. ತನ್ನ ಹಳೆಯ ಮನೆ ಕೆಡವಿದಾಗ ಉಳಿಸಿಕೊಂಡಿದ್ದ ಹಲಸಿನ ಮರದ ಬಾಗಿಲೊಂದನ್ನು ತೊಳೆಸಿ, ಎಣ್ಣೆ ಹಚ್ಚಿಸಿ, ಹಜಾರದ ಗೋಡೆಗೆ ಒರಗಿಸಿಟ್ಟಿದ್ದಳು. "ಅಡುಗೆಮನೆ ಗೋಡೆ ಒಡ್ಸಿ ಇದನ್ನ ಕೂರ್ಸೋಣ ಕಣೇ. ನೀನ್ ಸಾರು ಮಾಡು, ನಾನ್ ಮುದ್ದೆ ತಿರುವ್ತೀನಿ. ಬೀದಿಗ್ ಇಳಿಯೋದೇ ಬ್ಯಾಡ" ಎನ್ನುತ್ತಿದ್ದಳು. ಸಣ್ಣವರಿದ್ದಾಗ ಒಂದೇ ಚಾಪೆಯ ಮೇಲೆ ಮಲಗಿದವರು ನಾವು. ಮುದುಕಿಯರಾದ ಮೇಲೆ ಮತ್ತೆ ಒಂದೇ ಸೂರಿನಡಿ ಸೇರುತ್ತೇವೆಂದು ಹಿರಿಹಿರಿ ಹಿಗ್ಗಿದ್ದೆವು.

ನಮ್ಮ ಕಡೆ ಮನೆ, ಜಮೀನು, ಸಂಬಂಧ, ಕೊಳವೆಬಾವಿ ಯಾವುದಕ್ಕಾದರೂ ಮೊದಲು ಹೂ ಕೇಳಬೇಕು. ಪೂಜಾರಿ ದೇವಿಯ ಶಿಲೆಗೆ ನೀರೆರೆದು ಬಲಭುಜಕ್ಕೊಂದು, ಎಡಭುಜಕ್ಕೊಂದು ಹಸಿಹೂವು ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ಕೂರುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡವೆಂದು. ನಮ್ಮ ಮನೆಯ ಗೋಡೆಗೇ ದೇವಿ ಕೂತಿರುವಾಗ ಅವಳನ್ನು ದಾಟಿ ಯಾರು ವ್ಯಾಪಾರ ಮಾಡುತ್ತಾರೆ? ದೇವನೂರಿನ ಒಬ್ಬ ರೈತರು ಬಂದರು, ಮನೆ ಬಹಳ ಒಪ್ಪಿತು, ಹೂ ಕೇಳಿದರು. ಎಡಕ್ಕೆ ಬಿತ್ತು. ಬುಕ್ಕಾಂಬುಧಿಯಿಂದ ಅಣ್ಣತಮ್ಮಂದಿರಿಬ್ಬರು ಬಂದರು. ಎಡಕ್ಕೆ. ಅಜ್ಜಂಪುರದ ಒಬ್ಬ ಮೇಷ್ಟರು ಹೆಂಡತಿ ಸಮೇತ ಬಂದು, ಯಾವ ಮೂಲೆಯಲ್ಲಿ ಮಂಚ ಹಾಕಬೇಕೆಂದು ಕೂಡ ಅಳೆದುಕೊಂಡು ಗುಡಿಗೆ ಹೋದರು. ಹಿಂತಿರುಗಿ ಬರುವಾಗ ಅವರ ಹೆಂಡತಿ ನನ್ನ ಮುಖ ನೋಡಲಿಲ್ಲ. ಅಲ್ಲಿಗೆ ನನಗೆ ಗೊತ್ತಾಗಿಹೋಯಿತು.

ಪ್ರತಿ ಸಲವೂ ಸಂಜೆ ಅಕ್ಕನ ಫೋನು ಬರುತ್ತಿತ್ತು. "ಹೂ ಬಿತ್ತೇನೇ?" ಎನ್ನುತ್ತಿದ್ದಳು. ಎಡಕ್ಕೆ ಬಿತ್ತು ಕಣೇ ಎಂದರೆ, "ಇರ್ಲಿ ಬಿಡು, ಅಮ್ಮನ ಮನ್ಸಲ್ ಏನೈತೋ" ಎಂದು ನನಗೇ ಸಮಾಧಾನ ಹೇಳುತ್ತಿದ್ದಳು.

ಈಗ ಹೇಳಿದರೆ ವಿಚಿತ್ರ ಅನ್ನಿಸಬಹುದು, ಆ ಕಾಯುವ ಕಾಲದಲ್ಲಿ ಆ ಮನೆಯಲ್ಲಿ ನಾವು ಬಹಳ ಸುಖವಾಗಿದ್ದೆವು. ಕೊಳ್ಳುವವರು ಯಾವ ಹೊತ್ತಿಗೆ ಬರುತ್ತಾರೋ ಎಂದು ಮನೆ ಸದಾ ಗುಡಿಸಿ ಸಾರಿಸಿ ಥಳಥಳ ಅನ್ನುತ್ತಿತ್ತು. ಎಷ್ಟೋ ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಮಾರಾಟದ ನೆಪದಲ್ಲಿ ರಿಪೇರಿ ಮಾಡಿಸಿದೆವು. ಬಾಗಿಲಿಗೆ ಬಣ್ಣ, ಗೋಡೆಗೆ ಸುಣ್ಣ ಆಯಿತು. ನನಗೆ ಬೇಕು ಬೇಕೆಂದು ಬಾಯಿ ಬಡಿದುಕೊಂಡಾಗ ಕಿವಿಗೆ ಹಾಕಿಕೊಳ್ಳದ ನಮ್ಮ ಮನೆಯವರು, ಕಂಡರಿಯದ ಯಾರಿಗೋ ಬೇಕಾಗುತ್ತದೆಂದು ಅಡುಗೆಮನೆಗೆ ಕಪಾಟು ಮಾಡಿಸಿದರು! ಹೇಗೂ ಹೋಗುವ ಮನೆ ಎಂದು ಹೊಸ ಸಾಮಾನು ಏನೂ ತರಲಿಲ್ಲ, ಅದರಿಂದ ಕೈಕಾಲು ಆಡಿಸಲು ಜಾಗವಾಯಿತು. ಸಂಜೆ ರೈಲಿನ ಕೂಗು ಕೇಳಿಸಿದರೆ ನಾನು ಒಲೆಯ ಮೇಲೆ ಎಸರು ಇಡುತ್ತಿದ್ದೆ. ಇವರು ಬಂದು ಬಾವಿಯ ನೀರಲ್ಲಿ ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದರು. "ಯಾರ್ದೋ ಮನೇಲಿ ಬಿಟ್ಟಿ ಇದ್ದಂಗೈತೆ ಕಣೇ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ನೆಮ್ಮದಿಗೆ ಬುಡವಾಗಿದ್ದದ್ದು ಆ ಹೂವೇ. ಬೆಲೆ ಇಳಿಸೋಣವೇ ಎಂದು ಇವರು ಚಡಪಡಿಸಿದಾಗ, ಅವಳೇ ಬೇಡ ಅಂದಮೇಲೆ ನಾವು ಯಾರು ಎಂದು ನಾನೇ ಬಾಯಿ ಮುಚ್ಚಿಸುತ್ತಿದ್ದೆ. ಪೂಜಾರಪ್ಪನ ಹತ್ತಿರ ಮಾತ್ರ ಬಿಚ್ಚಿ ಹೇಳಿಕೊಳ್ಳುತ್ತಿದ್ದೆ. ಅಕ್ಕನಿಗೆ ರಾತ್ರಿ ಉಸಿರು ಕಟ್ಟುತ್ತದೆ, ಬಾಗಿಲಿಗೆ ಎಣ್ಣೆ ಹಚ್ಚಿಸಿಟ್ಟುಕೊಂಡು ಕಾಯುತ್ತಿದ್ದಾಳೆ, ಗೋಡೆಯಾಚೆಗೆ ಒಂದು ಜೀವ ಇದ್ದರೆ ಅವಳಿಗೆ ಧೈರ್ಯ... ಎಲ್ಲವನ್ನೂ ಹೂಬುಟ್ಟಿ ಕೈಗಿಡುತ್ತಲೇ ಹೇಳುತ್ತಿದ್ದೆ. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. "ಅಮ್ಮ ದಾರಿ ತೋರಿಸ್ತಾಳೆ ಬಿಡಮ್ಮ" ಎನ್ನುತ್ತಿದ್ದರು. ಹಾಗೆ ಅನ್ನುವಾಗ ಅವರ ದನಿ ಎಷ್ಟು ಮೃದುವಾಗಿರುತ್ತಿತ್ತೆಂದರೆ ನನಗೆ ಕಣ್ಣು ತುಂಬುತ್ತಿತ್ತು.

ತರೀಕೆರೆಯ ಮನೆಯವರು ಕಾದೂ ಕಾದೂ ಕೊನೆಗೆ ಬೇರೆಯವರಿಗೆ ಕೊಟ್ಟರು. ಕೊಂಡವರು ಬೀಗ ಹಾಕಿಕೊಂಡು ಹೋದರು, ವಾಸಕ್ಕೆ ಬರಲಿಲ್ಲ. ಆ ಆಷಾಢದಲ್ಲಿ ಒಂದು ಬೆಳಿಗ್ಗೆ ಅಕ್ಕ ಬಚ್ಚಲಲ್ಲಿ ಬಿದ್ದಳು. ಕೂಗಿದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗೋಡೆಯಾಚೆ ಬೀಗ ಹಾಕಿದ ಮನೆ. ಹಾಲು ಕೊಡುವವಳು ಬಂದು ಬಾಗಿಲು ಬಡಿದು, ಜನ ಸೇರಿ, ನನಗೆ ಫೋನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಆಗ ಕಣಗಿಲೆ ಬಿಡಿಸುತ್ತಿದ್ದೆ. ಅಕ್ಕನ ಹಜಾರದಲ್ಲಿ ಆ ಹಲಸಿನ ಬಾಗಿಲು ಗೋಡೆಗೆ ಒರಗಿ ನಿಂತೇ ಇತ್ತು. ಅವಳನ್ನು ಅದರ ಎದುರಿಗೇ ಮಲಗಿಸಿದ್ದರು.

ತಿಥಿ ಮುಗಿಸಿಕೊಂಡು ಬಂದ ಮೇಲೂ ನನಗೆ ದೇವಿಯ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಋಣ ಅಷ್ಟೇ ಇತ್ತು, ಅದಕ್ಕೇ ತಾಯಿ ಬೇಡ ಅಂದಳು ಎಂದು ಅಂದುಕೊಂಡೆ. ಅತ್ತಾಗಲೂ ಗುಡಿಯ ಕಡೆಗೇ ಕೈಮುಗಿದು ಅತ್ತೆ. ಪೂಜಾರಪ್ಪ ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಅವತ್ತು ಅವರು ಕಾಫಿ ಕುಡಿಯಲಿಲ್ಲ. ಎಂಥ ಮನುಷ್ಯ, ನನ್ನ ಅಕ್ಕನಿಗಾಗಿ ಇವರೂ ನೊಂದುಕೊಂಡರು ಎಂದು ನಾನು ತಿಳಿದೆ.

ಅದಾದ ಮೇಲೆ ಕಡೂರಿನ ಒಂದು ಕುಟುಂಬ ಮನೆ ನೋಡಿ ಒಪ್ಪಿತು. ನನಗೆ ಈಗ ಹೋಗುವ ಅವಸರವಿರಲಿಲ್ಲ. ಆದರೆ ರೈಲಿನ ಓಡಾಟದಲ್ಲಿ ಇವರು ಸೋತುಹೋಗಿದ್ದರು. ಹೂ ಕೇಳಲು ಕಡೂರಿನವರು ಶುಕ್ರವಾರ ಬರುವವರಿದ್ದರು. ಆ ಬೆಳಿಗ್ಗೆ ಪೂಜಾರಪ್ಪ ಬುಟ್ಟಿ ಒಯ್ದ ಮೇಲೆ ಗಿಡದ ತುದಿಯಲ್ಲಿ ಇನ್ನೊಂದು ಹಿಡಿ ಹೂವು ಕಂಡಿತು. ಬಿಡಿಸಿಕೊಂಡು ಕಿರುಬಾಗಿಲಿನಿಂದ ಗುಡಿಯೊಳಗೆ ಹೋದೆ. ಬಂದವರು ಇನ್ನೂ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಪೂಜಾರಪ್ಪ ನನಗೆ ಬೆನ್ನು ಹಾಕಿ ಶಿಲೆಯ ಮುಂದೆ ನಿಂತಿದ್ದರು. ಒಂದು ಹೂವನ್ನು ನೀರಲ್ಲಿ ಅದ್ದಿ ಎಡಭುಜಕ್ಕೆ ಸುಮ್ಮನೆ ತಾಗಿಸಿದರು. ಇನ್ನೊಂದನ್ನು ಗಂಧದ ಬಟ್ಟಲಿಗೆ ಅದ್ದಿದರು. ಹಿಂಭಾಗಕ್ಕೆ ದಪ್ಪಗೆ ಗಂಧ ಮೆತ್ತಿ, ಬಲಭುಜದ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಗೋಡೆಗೆ ಬೆರಣಿ ತಟ್ಟುವವರು ಒತ್ತುತ್ತಾರಲ್ಲ, ಹಾಗೆ. ಬರೀ ನೀರಿನ ಹೂವು ಮೊದಲು ಬೀಳುತ್ತದೆ. ಗಂಧದ ಹೂವು ಒಣಗಿ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ತಿಳಿಯಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ.

ಅವರು ತಿರುಗಿ ನನ್ನನ್ನು ನೋಡಿದರು. ನನ್ನ ಕೈಯಲ್ಲಿದ್ದ ಹೂವನ್ನು ನೋಡಿದರು. ಬಲಭುಜದ ಹೂವನ್ನು ಕಿತ್ತು, ಶಿಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೇರೆ ಹೂವನ್ನು ಬರೀ ನೀರಿನಲ್ಲಿ ಅದ್ದಿ ಇಟ್ಟರು. ಕಡೂರಿನವರು ಒಳಗೆ ಬಂದು ಕೂತರು. ಗಂಟೆಯ ಸದ್ದು ಅಡಗುವ ಮೊದಲೇ ಬಲಗಡೆ ಹೂವು ಉದುರಿತು. ಅವರಲ್ಲಿದ್ದ ಹಿರಿಯ ಹೆಂಗಸು ಅದನ್ನು ಸೆರಗಿನಲ್ಲಿ ಹಿಡಿದು ಆನಂದಬಾಷ್ಪ ಸುರಿಸಿದಳು. ನಾನು ಗೋಡೆ ಹಿಡಿದುಕೊಂಡು ನಿಂತಿದ್ದೆ.

ಅವರೆಲ್ಲ ಹೋದ ಮೇಲೆ ಕೇಳಿದೆ. "ಅಮ್ಮನ ಹೆಸರಲ್ಲಿ ಸುಳ್ಳು ಹೇಳಿದ್ರಲ್ಲ ಪೂಜಾರಪ್ಪ, ಯಾಕೆ?"

"ಬಂದೋರೆಲ್ಲ ಬಾವಿ ಮುಚ್ಸಿ, ಗಿಡ ಕಡ್ಸಿ, ಗೋಡೆಗಂಟ ಮನೆ ಎಳೀತೀವಿ ಅಂತಿದ್ರು ಕಣಮ್ಮ" ಎಂದರು. "ನೀರು, ಹೂವು ಎಲ್ಲಿಂದ ತರ್ಲಿ? ನಾನ್ ಇರೋಗಂಟ ಹಿಂಗೇ ನಡ್ದೋಗ್ಲಿ ಅನ್ಕಂಡೆ."

"ನಮ್ಮಕ್ಕ ಕಾಯ್ತಿದ್ದದ್ದು ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎಂದು ಅವರು ಹೇಳುವಂತಿರಲಿಲ್ಲ. ದಿನದಿನವೂ ನಾನೇ ಹೇಳಿದ್ದೆನಲ್ಲ. ಅದೇ ಮೃದುವಾದ ದನಿಯಲ್ಲಿ ಹೇಳಿದರು: "ನೀವೂ ಇಲ್ಲಿ ಸುಖವಾಗೇ ಇದ್ರಲ್ಲಮ್ಮ. ದಿನಾ ನೋಡ್ತಿದ್ನಲ್ಲ ನಾನು."

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಸುಳ್ಳಾಗಿದ್ದರೆ ಮರೆತುಬಿಡುತ್ತಿದ್ದೆನೇನೋ... ಅದು ನಿಜವಾಗಿತ್ತು. ನಾವು ಕಟ್ಟೆಯ ಮೇಲೆ ಕೂತು ನಗುತ್ತಿದ್ದ ಸಂಜೆಗಳನ್ನೆಲ್ಲ ಈ ಮನುಷ್ಯ ಕಿರುಬಾಗಿಲಿನಿಂದ ನೋಡಿ, ಸರಿ, ಇವರಿಗೇನೂ ಕೊರತೆಯಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದರು. ನನ್ನ ಸುಖವನ್ನೇ ನನ್ನ ಅಕ್ಕನಿಗೆ ಎದುರಾಗಿ ನಿಲ್ಲಿಸಿದ್ದರು. ಅದೂ ನಾನು ಬಿಡಿಸಿಕೊಟ್ಟ ಹೂವಿನಿಂದ! ಮರುದಿನದಿಂದ ನಾನು ಹೂ ಬಿಡಿಸಲಿಲ್ಲ. ಅವರೂ ಬರಲಿಲ್ಲ. ಮನೆ ಖಾಲಿ ಮಾಡುವ ತನಕ ಹೂವೆಲ್ಲ ಗಿಡದಲ್ಲೇ ಬಾಡಿ ಬಾವಿಕಟ್ಟೆಯ ಮೇಲೆ ಉದುರುತ್ತಿತ್ತು.

ಕಡೂರಿನವರು ಹೇಳಿದಂತೆಯೇ ಬಾವಿ ಮುಚ್ಚಿಸಿದರು, ಗಿಡ ಕಡಿಸಿದರು. ಬೀರೂರಿನ ಬಸ್‌ಸ್ಟ್ಯಾಂಡಿನಲ್ಲಿ ಪೂಜಾರಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹೂ ಕೊಂಡು ಹೋಗುತ್ತಿದ್ದುದನ್ನು ನಮ್ಮ ಮನೆಯವರು ಒಮ್ಮೆ ನೋಡಿದರಂತೆ. ಹೋದ ವರ್ಷ ಪೂಜಾರಪ್ಪ ತೀರಿಕೊಂಡ ಸುದ್ದಿ ಬಂತು. "ಹೋಗ್ಬರೋಣ್ವಾ?" ಎಂದು ಇವರು ಕೇಳಿದರು. ನಾನು ಹೋಗಲಿಲ್ಲ. ಆ ದಿನ ಕಾಫಿ ಮಾಡುವಾಗ ಮಾತ್ರ ಕೈ ತಾನಾಗಿ ಮೂರನೆಯ ಲೋಟವನ್ನು ಇಳಿಸಿತು. ತಿರುಗಿ ಮೇಲಿಟ್ಟೆ.

ನಾವೀಗ ತರೀಕೆರೆಯಲ್ಲೇ, ಅಕ್ಕನ ಬೀದಿಯಿಂದ ದೂರದ ಬಡಾವಣೆಯಲ್ಲಿದ್ದೇವೆ. ಮನೆ ದೊಡ್ಡದು, ಎಲ್ಲ ಅನುಕೂಲವಿದೆ. ಆ ಸುಖ ಮಾತ್ರ ಮತ್ತೆ ಬರಲಿಲ್ಲ. ಒಂದು ಗಳಿಗೆ ಮನಸ್ಸು ಹಗುರಾದರೂ ಯಾರೋ ನೋಡುತ್ತಿದ್ದಾರೆ ಅನ್ನಿಸಿ ನಗುವನ್ನು ಅಲ್ಲೇ ನುಂಗಿಕೊಳ್ಳುತ್ತೇನೆ.

ಮೊನ್ನೆ ಆ ಹುಡುಗಿ ತಂದ ಹೂವಿನ ಹಿಂಭಾಗದಲ್ಲಿ ಗಂಧವಿರಲಿಲ್ಲ. ಬಿದ್ದ ಹೂವಿನಲ್ಲಿ ಇರುವುದೂ ಇಲ್ಲ. ಬೀಳದೆ ಉಳಿದ ಹೂವನ್ನು ಯಾರು ಮಗುಚಿ ನೋಡುತ್ತಾರೆ? ಅದನ್ನು ಅವಳಿಗೆ ಹೇಳಲಿಲ್ಲ, ಒಳ್ಳೆಯದಾಗಲಿ ಎಂದು ಹೂವನ್ನು ಅವಳ ಜಡೆಗೇ ಮುಡಿಸಿದೆ. "ನೀವ್ ಯಾವತ್ತಾದ್ರೂ ಹೂ ಕೇಳಿದ್ರಾ ಆಂಟಿ?" ಎಂದಳು. "ಇಲ್ಲ ಕಣೇ, ನಾನು ಹೂ ಕೊಡ್ತಿದ್ದೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ನಗುತ್ತಾ ಹೋದಳು. ನಾನು ಹಿಂದಿನ ವರಾಂಡಕ್ಕೆ ಹೋಗಿ ಅಕ್ಕನ ಹಲಸಿನ ಬಾಗಿಲಿನ ಧೂಳು ಒರೆಸಿದೆ. ಅದು ಈಗಲೂ ಗೋಡೆಗೆ ಒರಗಿಯೇ ನಿಂತಿದೆ. ಎಣ್ಣೆ ಆರಿ ಬಣ್ಣ ಮಾಸಿದೆ. ಈ ಮನೆಯ ಯಾವ ಗೋಡೆಯ ಆಚೆಗೂ ನಮ್ಮಕ್ಕ ಇಲ್ಲ.