ನಲವತ್ತು ಮಕ್ಕಳು ಮೊದಲು ಓದಿದ್ದು

ಮೊಬೈಲನ್ನು ಮೇಜಿನ ಮೇಲೆ ಇಡುವಾಗ ನಾನು ಅದನ್ನು ಕವುಚಿಯೇ ಇಡುತ್ತೇನೆ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಇರುವವರು ನಾವಿಬ್ಬರೇ, ಗಂಡ ಮತ್ತು ನಾನು. ಹಾಗಿರುವಾಗ ಯಾರಿಂದ ಏನನ್ನು ಮುಚ್ಚಿಡುತ್ತಿದ್ದೇನೆ ಎಂದು ನೀವು ಕೇಳಬಹುದು. ಮುಚ್ಚಿಡುವಂಥದ್ದು ಏನೂ ಇಲ್ಲ. ಬೆಳಗುತ್ತಿರುವ ಗಾಜು ಯಾವ ಗಳಿಗೆಯಲ್ಲಿ ಏನು ಹೇಳಿಬಿಡುತ್ತದೋ ಎನ್ನುವ ಅಂಜಿಕೆಯೊಂದು ಕಳೆದ ವರ್ಷ ದೀಪಾವಳಿ ರಜೆ ಮುಗಿದ ಮೇಲಿನ ಒಂದು ಮಧ್ಯಾಹ್ನ ನನ್ನ ಮೈಗೆ ಹೊಕ್ಕಿತು, ಇನ್ನೂ ಬಿಟ್ಟು ಹೋಗಿಲ್ಲ.

ನಾನು ಠಾಣೆಯ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಭೂಗೋಳ ಕಲಿಸುತ್ತಿದ್ದೇನೆ. ನನ್ನ ಗಂಡ ಅದೇ ಊರಿನ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಮ್ಯಾನೇಜರು. ನಾವಿಬ್ಬರೂ ಕುಂದಾಪುರದ ಕಡೆಯವರು. ನಾನು ಆರನೆಯ ತರಗತಿಯಲ್ಲಿದ್ದಾಗ ನಮ್ಮ ಟೀಚರು ಸಂತೆಯಲ್ಲಿ ಬಂಗುಡೆ ಮೀನಿಗೆ ಚೌಕಾಸಿ ಮಾಡುವುದನ್ನು ಕಂಡು ನಾವು ಮೂವರು ಹುಡುಗಿಯರು ಬೆಕ್ಕಸ ಬೆರಗಾಗಿ ನಿಂತಿದ್ದೆವು. ಅವರಿಗೂ ಒಂದು ಮನೆಯಿದೆ, ಒಲೆಯಿದೆ, ಹಸಿವಿದೆ ಎನ್ನುವುದು ಅದುವರೆಗೆ ನಮಗೆ ಹೊಳೆದಿರಲೇ ಇಲ್ಲ. ಟೀಚರಾದವಳು ಹಾಗಿರಬೇಕು ಎಂದುಕೊಂಡೇ ನಾನೂ ಈ ಕೆಲಸಕ್ಕೆ ಬಂದವಳು. ನನ್ನ ಮನೆ, ನನ್ನ ತಲೆನೋವು, ನನ್ನ ಲೋಕಲ್ ರೈಲಿನ ನೂಕುನುಗ್ಗಲು ಎಲ್ಲವನ್ನೂ ಶಾಲೆಯ ಮೆಟ್ಟಿಲಿನ ಕೆಳಗೆ ಚಪ್ಪಲಿಯಂತೆ ಬಿಟ್ಟು ತರಗತಿಯೊಳಗೆ ಹೋಗುತ್ತಿದ್ದೆ.

ಎರಡು ವರ್ಷಗಳ ಹಿಂದೆ ಪ್ರತಿ ತರಗತಿಗೂ ಗೋಡೆಯಗಲದ ಗಾಜಿನ ಬೋರ್ಡು ಬಂತು. ಮುಟ್ಟಿದರೆ ತೆರೆಯುವ, ಎಳೆದರೆ ಸರಿಯುವ, ನಮ್ಮ ಮೊಬೈಲಿನೊಳಗೆ ಇದ್ದುದನ್ನೆಲ್ಲ ಹತ್ತು ಪಟ್ಟು ದೊಡ್ಡದಾಗಿ ಹೊರಗೆ ತೋರಿಸುವ ಬೋರ್ಡು. ಹುಟ್ಟಿದಂದಿನಿಂದ ಪರದೆ ನೋಡಿ ಬೆಳೆದ ಮಕ್ಕಳಿಗೆ ಪರದೆಯಲ್ಲೇ ಕಲಿಸಬೇಕು ಎಂದು ಪ್ರಿನ್ಸಿಪಾಲರು ಹೇಳಿದರು. ಎರಡು ಶನಿವಾರ ತರಬೇತಿಯೂ ಆಯಿತು. ಪರದೆ ಎನ್ನುವುದು ಎಂಥ ವಿಚಿತ್ರ ಮಾತು ನೋಡಿ. ನಾನು ಕಲಿತ ಕನ್ನಡದಲ್ಲಿ ಪರದೆ ಎಂದರೆ ಮರೆಮಾಡುವುದು. ಈಗ ಅದೇ ಮಾತಿನ ಅರ್ಥ ಎಲ್ಲವನ್ನೂ ಬಯಲಿಗಿಡುವುದು ಎಂದಾಗಿದೆ.

ಆ ಗಾಜಿನ ಮೇಲೆ ಬೇಕಾದ ಗುಂಡಿ ಸಿಗದೆ ನಾನು ತಡವರಿಸಿದಾಗ ಮಕ್ಕಳು ನಕ್ಕಿದ್ದರೆ ಗದರಿಸಬಹುದಿತ್ತು. ಅವರು ನಗುತ್ತಿರಲಿಲ್ಲ. ಬಸ್ಸಿನಿಂದ ಇಳಿಯುವ ಮುದುಕಿಯ ಕೈ ಹಿಡಿಯುವಂತೆ, ಬಹಳ ಮೆತ್ತಗೆ, ಮೇಲಿನ ಮೂರು ಚುಕ್ಕೆ ಒತ್ತಿ ಟೀಚರ್ ಎಂದು ಹೇಳಿಕೊಡುತ್ತಿದ್ದರು. ನನಗೆ ಭಯವಾಗಿದ್ದು ಆ ಮೆತ್ತಗಿನ ದನಿಗೆ. ಬಾಗಿಲ ಬದಿಯ ಮೊದಲ ಬೆಂಚಿನ ಅನ್ವಿತಾ ಮಾತ್ರ ಏನೂ ಹೇಳದೆ, ನಾನು ದಾರಿ ತಪ್ಪಿದಾಗ ಕಣ್ಣಿನಲ್ಲೇ ಸರಿಯಾದ ಜಾಗ ತೋರಿಸುತ್ತಿದ್ದಳು. ಅವಳ ತಂದೆತಾಯಿ ಮೈಸೂರಿನವರು, ಇಬ್ಬರೂ ಕಂಪ್ಯೂಟರ್ ಕೆಲಸದವರು. ನಾನು ಕನ್ನಡದಲ್ಲಿ ಕೇಳಿದರೆ ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು.

ಆ ದೀಪಾವಳಿ ರಜೆಯಲ್ಲಿ, ಸ್ನಾನ ಮಾಡುವಾಗ, ಎಡಗಡೆಯ ಎದೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಂಟೊಂದು ಬೆರಳಿಗೆ ತಾಗಿತು. ನಾನು ಯಾರಿಗೂ ಹೇಳಲಿಲ್ಲ. ನನ್ನ ಗಂಡನ ಅಕ್ಕ ಇಂಥದೇ ಗಂಟಿನಿಂದ ಹೋದವರು. ಆ ವರ್ಷ ಆಸ್ಪತ್ರೆಯ ಬಾಗಿಲಲ್ಲಿ ನನ್ನ ಗಂಡನ ಮುಖ ಹೇಗಿತ್ತೆಂದು ನಾನು ಕಂಡಿದ್ದೆ, ಅದನ್ನು ಮತ್ತೆ ಕಾಣುವ ಧೈರ್ಯ ನನಗಿರಲಿಲ್ಲ. ಶಾಲೆಯಲ್ಲಿ ಮೀಟಿಂಗ್ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಠಾಣೆಯಲ್ಲೇ ಡಾಕ್ಟರರನ್ನು ಕಂಡೆ. ಅವರು ಸೂಜಿ ಹಾಕಿ ಗಂಟಿನ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ವರದಿ ಮೊಬೈಲಿಗೇ ಬರುತ್ತದೆ, ಬಂದ ಕೂಡಲೇ ಬನ್ನಿ ಎಂದರು.

ಶಾಲೆ ಮತ್ತೆ ತೆರೆದ ವಾರ ಎಂಟನೆಯ ತರಗತಿಗೆ ಸಾಗರ ಪ್ರವಾಹಗಳ ಪಾಠವಿತ್ತು. ಅಂದು ನಾನು ಮೊದಲ ಸಲ ಬೋರ್ಡಿನ ಮೇಲೆ ಗೆದ್ದೆ ಎಂದುಕೊಂಡಿದ್ದೆ. ಹಿಂದಿನ ದಿನವೇ ಹುಡುಕಿಟ್ಟ ಚಲಿಸುವ ನಕ್ಷೆಯನ್ನು ಮೊಬೈಲಿನಿಂದ ಬೋರ್ಡಿಗೆ ಹಾಯಿಸಿದೆ. ಭೂಮಿಯ ಸಮುದ್ರಗಳೆಲ್ಲ ಬಿಳಿ ಎಳೆಗಳಾಗಿ ಸುರುಳಿ ಸುತ್ತುತ್ತ, ಬಿಸಿ ನೀರು ತಣ್ಣೀರಿನ ಕಡೆಗೆ ಹರಿಯುತ್ತ ಗೋಡೆಯ ತುಂಬ ಓಡಾಡತೊಡಗಿದವು. ಇಪ್ಪತ್ತೈದು ವರ್ಷ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿ ಹೇಳಿದ್ದನ್ನು ನಾನೇ ಅಂದು ಮೊದಲ ಬಾರಿಗೆ ಕಣ್ಣಾರೆ ಕಂಡಂತಾಯಿತು. ತರಗತಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಇಷ್ಟು ಒಳ್ಳೆಯದಕ್ಕೆ ಇಷ್ಟು ದಿನ ಯಾಕೆ ಹೆದರಿದೆನೋ ಎಂದು ಮನಸ್ಸು ಹಗುರಾಗುವಷ್ಟರಲ್ಲಿ, ಅಟ್ಲಾಂಟಿಕ್ ಸಾಗರದ ನೆತ್ತಿಯಿಂದ ಬಿಳಿಯ ಪಟ್ಟಿಯೊಂದು ಜಾರಿ ಇಳಿಯಿತು. ಅದರಲ್ಲಿ ನನ್ನ ಪೂರ್ತಿ ಹೆಸರಿತ್ತು. ನಿಮ್ಮ ಬಯಾಪ್ಸಿ ವರದಿ ಸಿದ್ಧವಾಗಿದೆ, ನೋಡಲು ಇಲ್ಲಿ ಒತ್ತಿ ಎಂದು ಇಂಗ್ಲಿಷಿನಲ್ಲಿ, ಹಿಂದಿನ ಬೆಂಚಿಗೂ ಕಾಣುವಷ್ಟು ದಪ್ಪ ಅಕ್ಷರಗಳಲ್ಲಿ ಬರೆದಿತ್ತು.

ಸುಮ್ಮನಿದ್ದಿದ್ದರೆ ಅದು ತಾನಾಗಿಯೇ ಮರೆಯಾಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ಅದನ್ನು ಒರೆಸಿಹಾಕಬೇಕೆಂದು ನಾನು ಕೈ ಚಾಚಿ ಬೋರ್ಡಿಗೆ ಅಂಗೈ ಒತ್ತಿದೆ. ಮುಟ್ಟಿದರೆ ತೆರೆಯುವ ಬೋರ್ಡಲ್ಲವೇ, ತೆರೆಯಿತು. ಸಮುದ್ರಗಳು ಹೋಗಿ ಬಿಳಿ ಹಾಳೆ ಬಂತು, ಅದರ ನಡುವೆ ಸಣ್ಣ ಚಕ್ರವೊಂದು ತಿರುಗತೊಡಗಿತು. ನಾನು ಕಣ್ಣು ಮುಚ್ಚಿಕೊಂಡೆ. ನಲವತ್ತು ಮಕ್ಕಳನ್ನು ಎದುರಿಗಿಟ್ಟುಕೊಂಡು, ಐವತ್ತೊಂದು ವರ್ಷದ ಹೆಂಗಸು, ಗುಡುಗಿಗೆ ಹೆದರಿದ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡೆ. ಟಪ್ ಎಂದು ಸದ್ದಾಯಿತು. ಕಣ್ಣು ತೆರೆದಾಗ ಬೋರ್ಡು ಕಪ್ಪಾಗಿತ್ತು. ಬಾಗಿಲ ಪಕ್ಕದ ಸ್ವಿಚ್ಚಿನ ಮೇಲೆ ಅನ್ವಿತಾಳ ಕೈಯಿತ್ತು.

ಕರೆಂಟು ಹೋಯಿತು, ಪುಸ್ತಕ ತೆಗೆಯಿರಿ ಎಂದೆ. ತಲೆಯ ಮೇಲೆ ನಾಲ್ಕು ಫ್ಯಾನುಗಳೂ ತಿರುಗುತ್ತಿದ್ದವು. ನಲವತ್ತೂ ಮಕ್ಕಳು ಪುಸ್ತಕ ತೆಗೆದರು.

ಆ ಸಂದೇಶವನ್ನು ನಾನು ಅಂದು ತೆರೆಯಲಿಲ್ಲ, ಮರುದಿನವೂ ತೆರೆಯಲಿಲ್ಲ. ಡೊಂಬಿವಲಿಯ ರೈಲಿನಲ್ಲಿ ಹೆಂಗಸರ ಡಬ್ಬಿಯ ಬಾಗಿಲ ಬಳಿ ನಿಂತು ಚೀಲದೊಳಗಿನ ಮೊಬೈಲನ್ನು ಬಟ್ಟೆಯ ಮೇಲಿನಿಂದಲೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಒಳಗೆ ಏನೋ ಉಸಿರಾಡುತ್ತಿದೆಯೇನೋ ಎನ್ನುವಂತೆ. ಮನೆಯಲ್ಲಿ ಗಂಡ ಊಟ ಬಡಿಸು ಎಂದರೆ ಬಡಿಸುತ್ತಿದ್ದೆ. ಅವರ ಮುಖ ನೋಡುತ್ತಿರಲಿಲ್ಲ.

ನಾನು ನೋಡುತ್ತಿದ್ದುದು ಅನ್ವಿತಾಳ ಮುಖವನ್ನು. ನನ್ನ ಕಣ್ಣು ಮುಚ್ಚಿದ್ದಾಗ ಅವಳದು ತೆರೆದಿತ್ತು. ಚಕ್ರ ನಿಂತು ಹಾಳೆ ಮೂಡುವುದಕ್ಕೂ ಬೋರ್ಡು ಆರುವುದಕ್ಕೂ ನಡುವೆ ಅವಳು ಏನಾದರೂ ಓದಿರಬೇಕು. ದೊಡ್ಡ ಡಾಕ್ಟರರ ಹುಬ್ಬಿನ ಚಲನೆಯಲ್ಲಿ ರೋಗಿಗಳು ತಮ್ಮ ಆಯುಸ್ಸನ್ನು ಓದಲು ಹವಣಿಸುತ್ತಾರಂತೆ. ನಾನು ಹದಿಮೂರು ವರ್ಷದ ಹುಡುಗಿಯ ಹುಬ್ಬನ್ನು ಓದುತ್ತಿದ್ದೆ. ಅವಳು ತಲೆಯೆತ್ತುತ್ತಲೇ ಇರಲಿಲ್ಲ. ಇಡೀ ತರಗತಿಯೇ ಬೇರೆಯಾಗಿಬಿಟ್ಟಿತ್ತು. ಸ್ಕೇಲು ಬೀಳಿಸಿ ಸದ್ದು ಮಾಡುವ ಹಿಂದಿನ ಬೆಂಚಿನ ಹುಡುಗರು ಕೈ ಕಟ್ಟಿ ಕೂತಿದ್ದರು. ನಾನು ಕೇಳುವ ಮೊದಲೇ ಯಾರೋ ಹಾಜರಿ ಪುಸ್ತಕ ತಂದುಕೊಟ್ಟರು. ಗಲಾಟೆ ಮಾಡದ ಎಂಟನೆಯ ತರಗತಿಯನ್ನು ನೀವು ಕಂಡಿದ್ದೀರಾ? ಅದರಷ್ಟು ಭಯಾನಕವಾದದ್ದು ಬೇರೆ ಇಲ್ಲ. ನನ್ನ ಸಾವಿನ ಮನೆಗೆ ಅವರು ಆಗಲೇ ಬಂದು ಕೂತಿದ್ದಾರೆ ಎನಿಸುತ್ತಿತ್ತು.

ಮೂರನೆಯ ದಿನ ಊಟದ ಬಿಡುವಿನಲ್ಲಿ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಒಳಗೆ ನಾನೊಬ್ಬಳೇ ಇದ್ದೆ.

"ಟೀಚರ್, ಆಪ್‌ನೇ ರಿಪೋರ್ಟ್ ದೇಖಾ?" ಎಂದು ಕೇಳಿದಳು.

"ಇಲ್ಲ ಮಗಾ, ಇನ್ನೂ ನೋಡ್ಲಿಲ್ಲ," ಎಂದೆ.

"ಮೈನೇ ದೇಖ್ ಲಿಯಾ. ಸಿರ್ಫ್ ಏಕ್ ವರ್ಡ್. ಸಾರಿ, ಟೀಚರ್."

ಅವಳು ನೋಡಿಬಿಟ್ಟಿದ್ದ ಆ ಒಂದೇ ಒಂದು ಪದ ಯಾವುದೆಂದು ನಾನು ಕೇಳಲಿಲ್ಲ. ಅವಳು ನಿಂತಲ್ಲಿಯೇ ಅಳತೊಡಗಿದಳು. ಅಳುವಿನ ನಡುವೆ ತುಂಡು ತುಂಡಾಗಿ ಹೇಳಿದ್ದನ್ನು ನಾನು ಜೋಡಿಸಿಕೊಂಡದ್ದು ಹೀಗೆ. ಅಂದು ಮನೆಗೆ ಹೋದವಳೇ ಆ ಪದವನ್ನು ಮೊಬೈಲಿನಲ್ಲಿ ಹುಡುಕಿದ್ದಳು. ತಂದೆತಾಯಿ ಬರುವುದು ಎಂಟು ಗಂಟೆಗೆ, ಅಲ್ಲಿಯವರೆಗೆ ಹದಿಮೂರನೆಯ ಮಹಡಿಯಲ್ಲಿ ಅವಳೊಬ್ಬಳೇ. ಆಮೇಲೆ ಅದೇ ಮೊಬೈಲಿನಲ್ಲಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ ಯಂತ್ರವನ್ನು ಕೇಳಿದ್ದಳು. ಅದು ಬಹಳ ತಾಳ್ಮೆಯಿಂದ ರೋಗಿಯ ವಯಸ್ಸೆಷ್ಟು, ಗಂಟು ಎಷ್ಟು ದೊಡ್ಡದು ಎಂದು ವಿಚಾರಿಸಿತ್ತಂತೆ. ಇವಳು ಅಂದಾಜಿನಲ್ಲಿ ಹೇಳಿದ್ದಳು. ಟೀಚರಿಗೆ ಇನ್ನೆಷ್ಟು ವರ್ಷ ಎಂದು ಕೇಳಿದ್ದಕ್ಕೆ ಅದು ಏನೋ ಲೆಕ್ಕ ಹೇಳಿ, ಇನ್ನೂ ಹೆಚ್ಚು ತಿಳಿಯಬೇಕೇ ಎಂದು ವಿನಯದಿಂದ ಕೇಳಿತ್ತು. ಇವಳು ಬೇಕು, ಬೇಕು ಎನ್ನುತ್ತ ಹೋಗಿದ್ದಳು. ಅಪ್ಪ ಅಮ್ಮನಿಗೆ ಹೇಳಿರಲಿಲ್ಲ, ಅದು ಟೀಚರ ಸ್ವಂತ ವಿಷಯ ಎಂದು. ವರದಿಯ ಸಣ್ಣ ಅಕ್ಷರ ಕಾಣದ ಉಳಿದವರೂ ಬಯಾಪ್ಸಿ ಎಂದರೇನೆಂದು ಅವರವರ ಮನೆಯಲ್ಲಿ ಹುಡುಕಿದ್ದರು. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಮಾತ್ರ, ಇದರ ಬಗ್ಗೆ ಯಾರೂ ಏನೂ ಬರೆಯಬಾರದು ಎಂದು ಯಾರೋ ಒಬ್ಬರು ಬರೆದಿದ್ದರಂತೆ, ಆಮೇಲೆ ಯಾರೂ ಬರೆದಿರಲಿಲ್ಲ.

ಆ ಕ್ಷಣದವರೆಗೆ ನನ್ನ ಭಯ ಒಂದೇ ಆಗಿತ್ತು, ಈ ಮಕ್ಕಳಿಗೆ ಎಲ್ಲವೂ ಗೊತ್ತು, ನನಗೇನೂ ಗೊತ್ತಿಲ್ಲ ಎಂದು. ಎದುರಿಗೆ ನಿಂತವಳಿಗೆ ನಿಜಕ್ಕೂ ಎಲ್ಲವೂ ಗೊತ್ತಿತ್ತು. ಗೊತ್ತಾದದ್ದನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕೆಂದು ಮಾತ್ರ ಗೊತ್ತಿರಲಿಲ್ಲ. ಎರಡು ದಿನ ನಾನು ತೆರೆಯಲು ಹೆದರಿದ್ದನ್ನು ಈ ಮಗು ಒಂಟಿಯಾಗಿ ಹೊತ್ತುಕೊಂಡು ನನ್ನ ಕಣ್ಣ ಮುಂದೆಯೇ ಓಡಾಡಿತ್ತು. ನನಗೆ ನಾಚಿಕೆಯಾಯಿತು, ಹೆದರಿಕೆಗಿಂತ ಹೆಚ್ಚಾಗಿ.

"ಊಟ ಮಾಡಿದ್ಯಾ?" ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಅವಳ ಡಬ್ಬಿ ತರಿಸಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಪೂರ್ತಿ ತಿನ್ನುವವರೆಗೆ ಜೊತೆಗಿದ್ದೆ. ಇಂದು ಅಮ್ಮನಿಗೆ ಎಲ್ಲವನ್ನೂ ಹೇಳು, ನಾನೇ ಹೇಳಲು ಹೇಳಿದೆ ಎನ್ನು ಎಂದೆ. ಆಮೇಲೆ ವರಾಂಡಕ್ಕೆ ಹೋಗಿ ಗಂಡನಿಗೆ ಫೋನು ಮಾಡಿದೆ. ಹೋಟೆಲಿನ ಮಧ್ಯಾಹ್ನದ ಗದ್ದಲದಲ್ಲಿ ನಾನೆಂದೂ ಫೋನು ಮಾಡುವವಳಲ್ಲ. "ಎಂತ ಆಯ್ತು?" ಎಂದರು. ಆ ದನಿ ಕೇಳಿದ್ದೇ ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಅಂದು ಸಂಜೆ ಗಂಡನ ಜೊತೆ ಹೋದಾಗ ವರದಿಯನ್ನು ಡಾಕ್ಟರರೇ ತೆರೆದರು. ಅನ್ವಿತಾ ಓದಿದ್ದ ಪದ ಅದರಲ್ಲಿತ್ತು. ಸಣ್ಣದಿರುವಾಗಲೇ ಸಿಕ್ಕಿದೆ, ಕೂಡಲೇ ಆಪರೇಷನ್ ಮಾಡಬೇಕು ಎಂದರು. ವಾಪಸು ಬರುವಾಗ ರಿಕ್ಷಾದಲ್ಲಿ ನನ್ನ ಗಂಡ ಬಯ್ಯಲಿಲ್ಲ. ಸ್ಟೇಷನ್ನು ಹತ್ತಿರವಾದಾಗ ಒಂದೇ ಮಾತು ಹೇಳಿದರು, "ನಿನ್ನ ನಲವತ್ತು ಮಕ್ಳಿಗೆ ಗೊತ್ತುಂಟು. ನಂಗೆ ಗೊತ್ತಿಲ್ಲ."

ಆಪರೇಷನ್ ಆಯಿತು, ಔಷಧದ ಸರದಿಗಳಾದವು, ಕೂದಲು ಹೋಯಿತು. ಮನೆಯಲ್ಲಿ ಕೂತರೆ ಭಯ ಹೆಚ್ಚುತ್ತದೆಂದು, ಮೈಯಲ್ಲಿ ತ್ರಾಣವಿದ್ದ ದಿನಗಳಲ್ಲಿ ಡೊಂಬಿವಲಿಯಿಂದಲೇ ಆ ಗಾಜಿನ ಬೋರ್ಡಿನ ಮೂಲಕ ಪಾಠ ಮಾಡಿದೆ. ಮಕ್ಕಳು ನೋಡಿದರೆ ಹೆದರುತ್ತಾರೆ, ಕ್ಯಾಮೆರಾ ಹಾಕಬೇಡಿ ಎಂದು ಪ್ರಿನ್ಸಿಪಾಲರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಎರಡು ಪಾಠ ಹಾಗೆಯೇ ಮಾಡಿದೆ. ಕಾಣದಿದ್ದರೆ ಇವರು ಮತ್ತೆ ಹುಡುಕುತ್ತಾರೆ, ಹುಡುಕಿದಲ್ಲಿ ಸಿಗುವುದು ನನ್ನ ಮುಖವಲ್ಲ ಎಂದು ಮೂರನೆಯದಕ್ಕೆ ತಲೆಗೆ ಹತ್ತಿಯ ವಸ್ತ್ರ ಸುತ್ತಿಕೊಂಡು ಕ್ಯಾಮೆರಾ ಹಾಕಿದೆ. ಅತ್ತ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಸ್ಕೇಲು ಬಿದ್ದ ಸದ್ದು ಕೇಳಿತು.

ಜೂನಿನಲ್ಲಿ ಶಾಲೆಗೆ ಮರಳಿದೆ. ಅದೇ ಮಕ್ಕಳು ಒಂಬತ್ತನೆಯದಕ್ಕೆ ಬಂದಿದ್ದರು, ಅವರ ಭೂಗೋಳವೂ ನನ್ನ ಪಾಲಿಗೇ ಬಂತು. ಕೆಲವು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ ಮಾಡಿಸಬೇಕು. ಲ್ಯಾಬಿನ ಸಂದೇಶ ಈಗ ಗಂಡನ ಮೊಬೈಲಿಗೆ ಹೋಗುತ್ತದೆ. ಆ ನಂಬರನ್ನು ಅವರೇ ಬರೆಸಿದರು, ನಾನು ತಡೆಯಲಿಲ್ಲ.

ಕಳೆದ ತಿಂಗಳು, ಒಂದನೆಯ ಮಹಡಿಯ ತರಗತಿಯಲ್ಲಿ ಪಾಠ ಮಾಡುತ್ತಿರುವಾಗ, ಕಿಟಕಿಯ ಬಳಿ ಕೂತ ಮಕ್ಕಳು ಒಬ್ಬೊಬ್ಬರಾಗಿ ಕೆಳಗೆ ನೋಡತೊಡಗಿದರು. ನಾನೂ ನೋಡಿದೆ. ಗೇಟಿನ ಹೊರಗೆ ನನ್ನ ಗಂಡ ನಿಂತಿದ್ದರು. ಊಟದ ಹೊತ್ತಿನಲ್ಲಿ ಹೋಟೆಲು ಬಿಟ್ಟು ಬರುವ ಮನುಷ್ಯನಲ್ಲ. ಅಷ್ಟು ದೂರದಿಂದ ಮುಖ ಕಾಣಿಸುತ್ತಿರಲಿಲ್ಲ. ಮಕ್ಕಳಿಗೆ ಏನೂ ಹೇಳದೆ ಹೊರಬಂದು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದೆ. ಇಪ್ಪತ್ತಾರು ವರ್ಷದಲ್ಲಿ ಆ ಮೆಟ್ಟಿಲುಗಳು ಅಷ್ಟು ಉದ್ದವಾಗಿದ್ದುದು ನನಗೆ ನೆನಪಿಲ್ಲ. ಹತ್ತಿರ ಹೋದಾಗ ಅವರು, "ಎಂತ ಇಲ್ಲ, ಕ್ಲೀನ್ ಉಂಟಂತೆ," ಎಂದರು. "ಫೋನಲ್ಲಿ ಹೇಳುದು ಬೇಡ ಅಂತ ಬಂದೆ."

ಮೇಲೆ ಹೋದಾಗ ನಲವತ್ತೂ ಮಕ್ಕಳು ಎದ್ದು ನಿಂತಿದ್ದರು. ವರದಿ ಬಂದಿದೆ, ಈ ಸಲ ಏನೂ ಇಲ್ಲ ಎಂದು ನಾನೇ ಹೇಳಿದೆ. ಕೆಲವರು ಕೂತರು. ಅನ್ವಿತಾ ಕೂರಲಿಲ್ಲ.

"ಮುಂದಿನ್ ಸಲ, ಟೀಚರ್?" ಎಂದಳು. ಕನ್ನಡದಲ್ಲಿಯೇ ಕೇಳಿದಳು, ತಡವರಿಸಿಕೊಂಡು.

ಉಳಿದವರೂ ಅದನ್ನೇ ಕೇಳಬೇಕೆಂದು ಕಾದಿದ್ದರು ಎನ್ನುವುದು ಅವರ ಕಣ್ಣುಗಳಲ್ಲಿ ಕಾಣುತ್ತಿತ್ತು.

"ಗೊತ್ತಿಲ್ಲ ಮಗಾ," ಎಂದೆ.

ಅವಳು ಕೂತು ಪುಸ್ತಕ ತೆರೆದಳು.