ಮಲಗಿದ್ದ ಎಲ್ಮ್‌ಗೆ ಮೀನಿನ ನೀರು

ನಾನು ಕೆಲಸ ಮಾಡುವುದು ಬಹರೈನಿನ ಹಿದ್ ಎಂಬ ಊರಿನ ಬಂದರಿನಲ್ಲಿ. ಯಾರದೋ ತೋಟಕ್ಕೆಂದು ಹಡಗಿನಲ್ಲಿ ಬಂದ, ಎಲ್ಮ್ ಎಂಬ ಚಳಿದೇಶದ ಮರದ ಸಸಿಗಳಲ್ಲಿ ಒಂದನ್ನು ಗಿರಾಕಿಯೊಬ್ಬರು ನನಗೆ ಕೊಟ್ಟರು. ಮನಾಮಾದ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ, ದೊಡ್ಡ ಡ್ರಮ್ಮಿನಲ್ಲಿ ಅದನ್ನು ನೆಟ್ಟೆ.

ಅದು ಸಾಮಾನ್ಯ ಮರವಲ್ಲ. ಯುರೋಪು, ಅಮೆರಿಕದ ಎಲ್ಮ್‌ಗಳನ್ನು ಒಂದು ಶಿಲೀಂಧ್ರ ಸಾಲುಸಾಲಾಗಿ ಒಣಗಿಸಿದ ಮೇಲೆ, ಆ ರೋಗಕ್ಕೆ ಸುಲಭವಾಗಿ ಬಗ್ಗದ ಜಪಾನಿನ ಎಲ್ಮನ್ನೂ ಸೈಬೀರಿಯಾದ ಎಲ್ಮನ್ನೂ ಕೂಡಿಸಿ ಬೆಳೆಸಿದ ತಳಿ. ಬಹರೈನಿನ ಆಗಸ್ಟನ್ನೂ ಅದು ದಾಟಿತು. ಎಲೆಗಳ ಅಂಚು ಸುಟ್ಟಿತು, ಅಷ್ಟೆ.

ಚಳಿ ಶುರುವಾದಾಗ, ತನ್ನ ಜಾತಿಯ ರೂಢಿಯಂತೆ, ಎಲೆಗಳನ್ನೆಲ್ಲ ಉದುರಿಸಿತು. ಬಟ್ಟೆ ಒಣಗಿಸಲು ಬಂದ ಕೆಳಗಿನ ಮನೆಯ ನರ್ಸಮ್ಮ, ನಮ್ಮ ಮಂಗಳೂರಿನವರೇ, ಅದನ್ನು ನೋಡಿ ಕೂಗಿಕೊಂಡರು.

"ಅಯ್ಯೋ, ಇದು ಸತ್ತೇ ಹೋಯ್ತಲ್ಲ ಮಾರಾಯ್ರೆ! ಮೀನು ತೊಳೆದ ನೀರು ಹಾಕಿ."

"ಸತ್ತದ್ದಲ್ಲ, ಮಲಗಿದ್ದು. ಈಗ ನೀರು ಜಾಸ್ತಿ ಹಾಕಬಾರದು."

"ಮರ ಮಲಗುವುದುಂಟಾ?"

ಉಂಟು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೊನೆಗೆ "ನೀರು ಹಾಕಬೇಡಿ" ಎಂದು ಬೋರ್ಡೇ ನೇತುಹಾಕಿದೆ. ಪಾಪ, ಇವರು ಬೇಸರದಲ್ಲಿ ಮರದ ಆಸೆಯನ್ನೇ ಬಿಟ್ಟಿದ್ದಾರೆ ಎಂದುಕೊಂಡು ನರ್ಸಮ್ಮ ಬಂಗುಡೆ ತೊಳೆದ ನೀರು ತಂದರು. ಎದುರು ಮನೆಯ ಬ್ಯಾರಿ ಅಂಗಡಿಯವರು ಅಕ್ಕಿ ತೊಳೆದ ನೀರು ತಂದರು. ಎಲ್ಲವನ್ನೂ ಡ್ರಮ್ಮಿಗೆ ಸುರಿದದ್ದು ನನ್ನ ಬೆನ್ನ ಹಿಂದೆ.

ಫೆಬ್ರವರಿಯಲ್ಲಿ ಚಿಗುರಬೇಕಿತ್ತು. ಚಿಗುರಲಿಲ್ಲ. ಅಗೆದು ನೋಡಿದರೆ ಬೇರುಗಳೆಲ್ಲ ಕೊಳೆತು ನಾರುತ್ತಿದ್ದವು. ರೋಗ ತಡೆಯುವ ತಳಿ ಮಾಡಿದ ವಿಜ್ಞಾನಿಗಳು ನಮ್ಮ ಬಿಲ್ಡಿಂಗಿನ ಕನಿಕರವನ್ನು ಕಂಡಿರಲಿಲ್ಲ.

ಮರುದಿನ ನರ್ಸಮ್ಮ ಅದೇ ಡ್ರಮ್ಮಿನಲ್ಲಿ ಒಂದು ಕರಿಬೇವಿನ ಗಿಡ ನೆಟ್ಟು, ನನ್ನನ್ನು ಕರೆದು ಸಮಾಧಾನ ಹೇಳಿದರು: "ಹೆದರಬೇಡಿ, ಇದು ಮಲಗುವ ಜಾತಿಯದ್ದಲ್ಲ."